ಪೀಣ್ಯದ ಪಗಾರ, ಸ್ಪೇನಿನ ಪಗಾರ್

ತಿಂಗಳ ಮೊದಲ ವಾರ ಪೀಣ್ಯದ ಕಾರ್ಖಾನೆ ಗೇಟಿನ ಹತ್ತಿರ ನಿಂತರೆ, ಬಾಗಲಕೋಟೆ, ಗದಗ ಕಡೆಯ ಹುಡುಗರ ಬಾಯಲ್ಲಿ ‘ಪಗಾರ ಆತೇನ್ಲೇ?’ ಎಂಬ ಮಾತು ಕಿವಿಗೆ ಬೀಳುತ್ತದೆ. ಅತ್ತ ವೈಟ್‌ಫೀಲ್ಡಿನಲ್ಲಿ ಸ್ಪ್ಯಾನಿಷ್ ಕಲಿಯುವ ಟೆಕ್ಕಿಗೆ ‘ಪಗಾರ್’ ಎಂದರೆ ಹಣ ಕೊಡುವುದು ಎಂದು ಪಾಠ. ಆತ ಧಾರವಾಡದವನಾದರೆ ಉರು ಹೊಡೆಯುವ ಕಷ್ಟವಿಲ್ಲ.

ಎರಡೂ ಒಂದೇ ಮನೆತನದವು. ನಮ್ಮದು ಗೋವೆಗೆ ಬಂದ ಪೋರ್ಚುಗೀಸರಿಂದ ಬಂದದ್ದು. ಮೂಲ ಲ್ಯಾಟಿನ್ನಿನ ‘ಪಾಕಾರೆ’, ಅಂದರೆ ಸಮಾಧಾನಪಡಿಸು; ಅದಕ್ಕೂ ಹಿಂದೆ ‘ಪಾಕ್ಸ್’, ಶಾಂತಿ. ಸಾಲ ಕೊಟ್ಟವನನ್ನು ಸಮಾಧಾನಪಡಿಸುವುದೇ ಬರಬರುತ್ತ ಹಣ ಕೊಡುವುದಾಯಿತು. ಇಂಗ್ಲಿಷಿನ ಪೇ, ಪೀಸ್ ಎರಡೂ ಇದೇ ಬೇರಿನವು, ಫ್ರೆಂಚರ ಕೈದಾಟಿ ಬಂದವು.

ನನಗೆ ಇನ್ನೂ ರುಚಿಸುವುದು ಮೇಸ್ತ್ರಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೆಲ್ಮೆಟ್ ಹಾಕಿ, ತೂಗುಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ಗೋಡೆ ನೋಡುವ ಆತ ಲ್ಯಾಟಿನ್ನಿನ ‘ಮಾಗಿಸ್ತೆರ್’. ಪೋರ್ಚುಗೀಸಿನಲ್ಲಿ ಮೆಸ್ತ್ರೆ, ಸ್ಪ್ಯಾನಿಷಿನಲ್ಲಿ ಮಾಯೆಸ್ತ್ರೊ, ಇಂಗ್ಲಿಷಿನಲ್ಲಿ ಮಾಸ್ಟರ್. ‘ಮಾಗಿಸ್’ ಎಂದರೆ ಹೆಚ್ಚು. ನಮಗೆ ಸಂಸ್ಕೃತದಿಂದ ಬಂದ ‘ಮಹಾ’ ಅದರ ದಾಯಾದಿ. ‘ಮಿನುಸ್’ ಎಂದರೆ ಕಡಿಮೆ; ಅದರ ಜಾಡಿನಲ್ಲಿ ಹುಟ್ಟಿದ ‘ಮಿನಿಸ್ತೆರ್’ ಸೇವಕ. ಲ್ಯಾಟಿನ್ ಲೆಕ್ಕದಲ್ಲಿ ಮಿನಿಸ್ಟರಿಗಿಂತ ಮೇಸ್ತ್ರಿಯೇ ಮೇಲು. ವಿಧಾನಸೌಧದವರು ಕ್ಷಮಿಸಬೇಕು.

ಚಾವಿಯ ಕತೆಯಲ್ಲಿ ಉಚ್ಚಾರದ ಸೊಗಸಿದೆ. ಲ್ಯಾಟಿನ್ ‘ಕ್ಲಾವಿಸ್’ನ ‘ಕ್ಲ’ ಸ್ಪ್ಯಾನಿಷಿನಲ್ಲಿ ನಯವಾಗಿ ‘ಯಾವೆ’ ಆಯಿತು, ಪೋರ್ಚುಗೀಸಿನಲ್ಲಿ ‘ಚಾವೆ’. ಲಿಸ್ಬನ್ನಿನವರು ಆಮೇಲೆ ‘ಚ’ವನ್ನು ‘ಶ’ ಮಾಡಿಕೊಂಡರು. ಹುಬ್ಬಳ್ಳಿಯಲ್ಲಿ ಹಳೆಯ ‘ಚ’ ಹಾಗೇ ಉಳಿದಿದೆ. ಇಂಗ್ಲಿಷಿನ ಕೀ ಈ ಕುಲಕ್ಕೆ ಸೇರಿದ್ದಲ್ಲ, ನಮ್ಮ ಬೀಗದ ಕೈಗೂ ಅದು ಏನೂ ಆಗಬೇಕಿಲ್ಲ. ವೈದ್ಯರು ಹೇಳುವ ಕ್ಲಾವಿಕಲ್, ಅಂದರೆ ಕೊರಳೆಲುಬು, ಮಾತ್ರ ಚಾವಿಯ ಸ್ವಂತ ಬಂಧು. ಕಿವಿಯನ್ನಷ್ಟೇ ನಂಬಿದರೆ ಇಲ್ಲಿ ಮೋಸಹೋಗುವುದೇ ಹೆಚ್ಚು: ಸ್ಪ್ಯಾನಿಷಿನ ‘ದಿಯ’ ಇಂಗ್ಲಿಷಿನ ಡೇ ಪೈಕಿ ಅಲ್ಲ, ನಮ್ಮ ದಿವಸದ ಪೈಕಿ.

ಏಷ್ಯಾದ ಭಾಷೆಗಳಲ್ಲಿ ಬೆರೆತ ಪೋರ್ಚುಗೀಸ್ ಪದಗಳನ್ನು ಗೋವೆಯ ಸೆಬಾಸ್ಟಿಯಾವೊ ರೊಡೋಲ್ಫೊ ದಾಲ್ಗಾದೊ 1913ರಲ್ಲೇ ಪುಸ್ತಕವಾಗಿ ತಂದರು. 1936ರಲ್ಲಿ ಬರೋಡದಿಂದ ಅದರ ಇಂಗ್ಲಿಷ್ ಅನುವಾದ ಹೊರಬಂತು. ದಾಲ್ಗಾದೊ ಪಾದ್ರಿ, ಆ ‘ಪಾದ್ರಿ’ಯೂ ಅದೇ ದಾರಿಯಲ್ಲಿ ಬಂದದ್ದು. ಸ್ಪ್ಯಾನಿಷ್ ಕ್ಲಾಸಿಗೆ ಫೀಸು ಕಟ್ಟುವ ಮುಂಚೆ ಈ ಪುಸ್ತಕ ತಿರುವಿಹಾಕಿ. ಅಲಮಾರು, ಸಾಬೂನುಗಳ ಹುಟ್ಟೂ ಅದರಲ್ಲಿದೆ.