ಸಸ್ಯೋದ್ಯಾನದ ಭಾನುವಾರದ ಪಾಠಗಳು

ರಜಾದಿನದ ಬೆಳಿಗ್ಗೆ ಸಸ್ಯೋದ್ಯಾನಗಳಲ್ಲಿ ನಡೆಯುವ ‘ಮರಗಳ ಪರಿಚಯ’ ನಡಿಗೆಗೆ ನಿಮ್ಮಲ್ಲಿ ಅನೇಕರು ಹೋಗಿರಬಹುದು. ಹೋಗಿಲ್ಲದಿದ್ದರೆ, ಅದರ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಏಳು ಗಂಟೆಗೆ ಗೇಟಿನ ಬಳಿ ಇಪ್ಪತ್ತು ಮೂವತ್ತು ಜನ ಸೇರುತ್ತಾರೆ. ಅಪ್ಪ, ಅಮ್ಮ, ನಿದ್ದೆಗಣ್ಣಿನ ಮಕ್ಕಳು, ಒಬ್ಬಿಬ್ಬರು ನಿವೃತ್ತರು. ಮಾರ್ಗದರ್ಶಕರು ಒಂದು ಮರದ ಕೆಳಗೆ ನಿಂತು ಅದರ ಕನ್ನಡದ ಹೆಸರು, ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು, ಕುಟುಂಬ, ತವರು ದೇಶ, ಒಂದು ಔಷಧೀಯ ಗುಣ ಮತ್ತು ಒಂದು ಕಥೆ ಹೇಳುತ್ತಾರೆ. ಬಳಿಕ ಮುಂದಿನ ಮರ. ಎರಡು ಗಂಟೆಗಳಲ್ಲಿ ಇಪ್ಪತ್ತು ಮರಗಳಾಗುತ್ತವೆ. ಕೊನೆಗೆ ಗುಂಪಿನ ಫೋಟೊ, ಮಕ್ಕಳ ಕೈಗೊಂದು ಸಸಿ.

ಇದನ್ನು ವಿಮರ್ಶಿಸಲು ಭೌತವಿಜ್ಞಾನದ ಮೇಷ್ಟರಿಗೇನು ಕೆಲಸ ಎಂದು ನೀವು ಕೇಳಬಹುದು. ರೇಡಿಯೊ ಅಲೆಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಜಗದೀಶ ಚಂದ್ರ ಬೋಸ್ ಗಿಡಗಳತ್ತ ತಿರುಗಿ, ಬರಿಗಣ್ಣಿಗೆ ಕಾಣದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೊಗ್ರಾಫ್ ಎಂಬ ಉಪಕರಣವನ್ನು ರಚಿಸಿದರು. ಅವರ ಕೆಲವು ತೀರ್ಮಾನಗಳ ಬಗೆಗೆ ಆಗಲೂ ವಿವಾದವಿತ್ತು. ಆದರೆ ಗಿಡದ ಮುಂದೆ ನಿಂತು ‘ಎಷ್ಟು?’ ಎಂದು ಕೇಳಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ನಮ್ಮ ಉದ್ಯಾನ ನಡಿಗೆಗಳಲ್ಲಿ ನನಗೆ ಕೇಳಿಸದೆ ಹೋಗುವುದು ಈ ಒಂದು ಪ್ರಶ್ನೆಯೇ.

ಕೆಲವು ವರ್ಷಗಳ ಹಿಂದೆ ತಂಗಿಯ ಮಗಳೊಂದಿಗೆ ಇಂಥದೊಂದು ನಡಿಗೆಗೆ ಹೋಗಿದ್ದೆ. ಅವಳಾಗ ಏಳನೆಯ ತರಗತಿ. ದೊಡ್ಡ ಬೂರುಗದ ಮರವೊಂದರ ಕೆಳಗೆ ತಲೆಯೆತ್ತಿ ನೋಡಿ, “ಅಷ್ಟು ಮೇಲಕ್ಕೆ ನೀರು ಹೇಗೆ ಹೋಗುತ್ತೆ?” ಎಂದು ಕೇಳಿದಳು. “ಬೇರು ಪಂಪಿನ ಹಾಗೆ ಎಳೆದು ಮೇಲಕ್ಕೆ ಕಳಿಸುತ್ತೆ ಪುಟ್ಟಿ” ಎಂಬ ಉತ್ತರ ಬಂತು. ಗುಂಪು ಮುಂದೆ ಹೋಯಿತು. ಅವಳು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಆ ಉತ್ತರದಲ್ಲಿ ಕೈಬಿಟ್ಟುಹೋದುದು ಎಷ್ಟೆಂದು ನೋಡೋಣ. ಹೀರುವ ಪಂಪು ನೀರನ್ನು ನಿಜವಾಗಿ ಎಳೆಯುವುದಿಲ್ಲ; ಹೊರಗಿನ ವಾಯುಭಾರ ಅದನ್ನು ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಹೀಗೆ ಏರುವ ನೀರಿನ ಗರಿಷ್ಠ ಎತ್ತರ ಸುಮಾರು 10.3 ಮೀಟರ್. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ವಾಯುಭಾರ ಕಡಿಮೆ. ಆ ಮಿತಿ 9.3 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಮರವಾದರೋ ಅದರ ಎರಡು ಮೂರು ಪಟ್ಟು ಎತ್ತರ. ಬೇರಿನ ಒತ್ತಡ ಎಂಬುದು ಇದೆ, ನಿಜ. ಮುಂಜಾನೆ ಹುಲ್ಲಿನೆಲೆಯ ತುದಿಯಲ್ಲಿ ನಿಲ್ಲುವ ಹನಿಗಳಲ್ಲಿ ಕೆಲವು ಅದರ ಫಲ. ಆದರೆ ಬಿಸಿಲಿನಲ್ಲಿ ಎಲೆಗಳು ಭರದಿಂದ ನೀರನ್ನು ಆವಿಯಾಗಿಸುವಾಗ, ಅಂದರೆ ಮರಕ್ಕೆ ನೀರು ಅತಿ ಹೆಚ್ಚು ಬೇಕಾದಾಗ, ಆ ಒತ್ತಡ ಲೆಕ್ಕಕ್ಕೇ ಬರುವುದಿಲ್ಲ. 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಕೊಟ್ಟ ವಿವರಣೆ ಬೇರೆಯೇ. ಎಲೆಯಲ್ಲಿ ನೀರು ಆವಿಯಾಗುತ್ತಿದ್ದಂತೆ, ಪರಸ್ಪರ ಬಿಗಿಯಾಗಿ ಹಿಡಿದುಕೊಂಡ ನೀರಿನ ಅಣುಗಳ ಎಳೆ ಮೇಲಿನಿಂದ ಎಳೆಯಲ್ಪಡುತ್ತದೆ. ಡಿಕ್ಸನ್ ಸಸ್ಯವಿಜ್ಞಾನಿ, ಜೋಲಿ ಭೌತವಿಜ್ಞಾನ, ಭೂವಿಜ್ಞಾನ ಎರಡರಲ್ಲೂ ಕೆಲಸ ಮಾಡಿದವರು. 30 ಮೀಟರ್ ಮರದಲ್ಲಿ ನೀರಿನ ಭಾರವೊಂದನ್ನೇ ಲೆಕ್ಕ ಹಾಕಿದರೂ ಸುಮಾರು ಮೂರು ವಾಯುಭಾರದಷ್ಟು ಒತ್ತಡದ ವ್ಯತ್ಯಾಸ ಬೇಕು.

ಏಳನೆಯ ತರಗತಿಯ ಹುಡುಗಿಗೆ ಇದೆಲ್ಲವನ್ನೂ ಹೇಳಬೇಕಿತ್ತೆ? ಬೇಡ. “ಮೇಲಿನಿಂದ ಎಳೆಯುತ್ತದೆ, ಕೆಳಗಿನಿಂದ ತಳ್ಳುವುದಲ್ಲ, ಮನೆಗೆ ಹೋಗಿ ಎಲೆಗಳಿರುವ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಕಟ್ಟಿ ಸಂಜೆ ನೋಡು” ಎಂದಿದ್ದರೆ ಸಾಕಿತ್ತು. ಚೀಲದಲ್ಲಿ ಕೂಡಿದ ನೀರು ಮುಂದಿನ ಪ್ರಶ್ನೆಯನ್ನು ತಾನಾಗಿಯೇ ಹುಟ್ಟಿಸುತ್ತಿತ್ತು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಕ್ತಿ ಬೇಕು. ನಮ್ಮ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ಮೂರನೆಯ ಎರಡು ಭಾಗ. ಮರದಡಿಯ ತಂಪಿನಲ್ಲಿ ನೆರಳಿನ ಪಾಲು ಎಷ್ಟು, ಈ ಗುಪ್ತೋಷ್ಣದ ಪಾಲು ಎಷ್ಟು ಎಂದು ಯೋಚಿಸಲು ಹೈಸ್ಕೂಲು ವಿದ್ಯಾರ್ಥಿಗೆ ಇಷ್ಟು ಆಧಾರ ಸಾಕು.

ಇನ್ನೊಂದು ಮಾತು ಬಹುತೇಕ ಎಲ್ಲ ನಡಿಗೆಗಳಲ್ಲೂ ಕಿವಿಗೆ ಬೀಳುತ್ತದೆ: ‘ಅರಳಿ ಮರ ಇಪ್ಪತ್ನಾಲ್ಕು ಗಂಟೆಯೂ ಆಮ್ಲಜನಕ ಕೊಡುತ್ತದೆ’. ದ್ಯುತಿಸಂಶ್ಲೇಷಣೆಯಲ್ಲಿ ಹೊರಬರುವ ಆಮ್ಲಜನಕ ನೀರಿನ ಅಣು ಒಡೆದಾಗ ಬರುವಂಥದು. ಒಡೆಯಲು ಬೆಳಕು ಬೇಕು. ಅರಳಿಯೂ ರಾತ್ರಿ ಉಸಿರಾಡುತ್ತದೆ, ಆಮ್ಲಜನಕವನ್ನು ಬಳಸುತ್ತದೆ. ಪಾಪಾಸುಕಳ್ಳಿ, ಅನಾನಸಿನಂಥ ಗಿಡಗಳು ರಾತ್ರಿ ಪತ್ರರಂಧ್ರಗಳನ್ನು ತೆರೆದು ಕಾರ್ಬನ್ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತವೆ. ಅವೂ ರಾತ್ರಿ ಆಮ್ಲಜನಕ ಬಿಡುವುದಿಲ್ಲ. ಅರಳಿಯನ್ನು ಗೌರವಿಸಲು ನಮಗೆ ಈ ತಪ್ಪು ಅಂಶದ ಅಗತ್ಯವಿಲ್ಲ. ಪರೀಕ್ಷೆಯಲ್ಲಿ ಸರಿ ಬರೆದು, ಉದ್ಯಾನದಲ್ಲಿ ತಪ್ಪಿಗೆ ತಲೆದೂಗುವ ಅಧ್ಯಾಪಕರನ್ನು ಕಂಡಿದ್ದೇನೆ. ನನಗೆ ಹೆಚ್ಚು ಬೇಸರ ತಂದದ್ದು ಇದೇ.

ಹಾಗೆಂದು ತಪ್ಪೆಲ್ಲ ಮಾರ್ಗದರ್ಶಕರದೇ ಎಂದರೆ ಅನ್ಯಾಯವಾದೀತು. ಲಾಲ್‌ಬಾಗಿನ ಗಾಜಿನ ಮನೆಯ ವಿಷಯದಲ್ಲಿ ತಪ್ಪು ನನ್ನದೇ. ‘ಗಾಜು ಬೆಳಕನ್ನು ಒಳಬಿಡುತ್ತದೆ, ಅವಕೆಂಪು ಕಿರಣಗಳನ್ನು ಹೊರಬಿಡುವುದಿಲ್ಲ, ಆದ್ದರಿಂದ ಗಾಜಿನ ಮನೆ ಬಿಸಿಯಾಗಿರುತ್ತದೆ’ ಎಂದು ಬಹಳ ವರ್ಷ ಪಾಠ ಮಾಡಿದ್ದೇನೆ. 1909ರಲ್ಲೇ ಅಮೆರಿಕದ ರಾಬರ್ಟ್ ವುಡ್ ಎರಡು ಕಪ್ಪು ಪೆಟ್ಟಿಗೆಗಳನ್ನು ತೆಗೆದುಕೊಂಡು, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪನ್ನು ಹಾದುಹೋಗಲು ಬಿಡುವ ಸೈಂಧವ ಲವಣದ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟಿದ್ದರು. ಬಿಸಿಲನ್ನು ಮೊದಲು ಒಂದು ಗಾಜಿನ ಮೂಲಕ ಹಾಯಿಸಿದಾಗ ಎರಡೂ 55 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರಿದವು. ನಡುವಿನ ಅಂತರ ಒಂದು ಡಿಗ್ರಿಯಷ್ಟೂ ಇರಲಿಲ್ಲವೆನ್ನಬಹುದು. ಗಾಜಿನ ಮನೆ ಬೆಚ್ಚಗಿರಲು ಮುಖ್ಯ ಕಾರಣ, ಬಿಸಿಯಾದ ಗಾಳಿ ಮೇಲೇರಿ ಹೊರಟುಹೋಗದಂತೆ ಅದು ತಡೆಯುವುದು. ಅಂದರೆ ಸಂವಹನಕ್ಕೆ ಅಡ್ಡಿ. ವಾಯುಮಂಡಲದ ‘ಹಸಿರುಮನೆ ಪರಿಣಾಮ’ ಮಾತ್ರ ನಿಜಕ್ಕೂ ವಿಕಿರಣದ್ದೇ. ಅದರ ಸತ್ಯಕ್ಕೆ ಈ ಪ್ರಯೋಗದಿಂದ ಯಾವ ಕುಂದೂ ಇಲ್ಲ. ಕುಂದು ಇರುವುದು ಹೆಸರಿನಲ್ಲಿ. ಇನ್ನು, 1889ರಲ್ಲಿ ತಳಪಾಯ ಹಾಕಿದ ಲಾಲ್‌ಬಾಗಿನ ಗಾಜಿನ ಮನೆಯನ್ನು ಕಟ್ಟಿದ್ದು ಫಲಪುಷ್ಪ ಪ್ರದರ್ಶನಕ್ಕೆ, ಗಿಡಗಳನ್ನು ಬೆಚ್ಚಗಿಡಲಿಕ್ಕಲ್ಲ. ಪ್ರವಾಸ ಬಂದ ಮಕ್ಕಳಿಗೆ ಅದರೆದುರು ನಿಂತು ಈ ವ್ಯತ್ಯಾಸ ತಿಳಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು?

ಉದ್ಯಾನಗಳಲ್ಲಿ ಬೇರೆ ತರಗತಿಗಳೂ ನಡೆಯುತ್ತವೆ. ಕೈತೋಟ, ತಾರಸಿ ತೋಟ, ಕಸಿ ಕಟ್ಟುವುದು. ಪುಷ್ಪ ಪ್ರದರ್ಶನದ ಹೊತ್ತಿಗೆ ಇಕೆಬಾನ, ಬೋನ್ಸಾಯ್, ತರಕಾರಿ ಕೆತ್ತನೆ. ಇವು ಮನೆಗೆ ಉಪಯುಕ್ತ, ಕಣ್ಣಿಗೂ ಹಿತ. ಅವುಗಳ ಮೇಲೆ ನನ್ನ ತಕರಾರಿಲ್ಲ. ಜನವರಿ ಮತ್ತು ಆಗಸ್ಟ್ ತಿಂಗಳ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಬಂದು ಹೂವಿನಿಂದ ಕಟ್ಟಿದ ಪ್ರತಿಕೃತಿಗಳನ್ನು ನೋಡಿ ಸಂತೋಷಪಡುತ್ತಾರೆ. ಆದರೆ ಕಿತ್ತ ಹೂವನ್ನು ಯಾವ ಮೈದಾನದಲ್ಲಾದರೂ ತೋರಿಸಬಹುದು. ಸಸ್ಯೋದ್ಯಾನಕ್ಕೆ ಮಾತ್ರ ಇರುವ ಬಲ ಬೇರೆ. ಹೆಸರು ಗುರುತಿಸಿದ ಅದೇ ಗಿಡ ಅದೇ ಜಾಗದಲ್ಲಿ ಈ ವರ್ಷವೂ ಇರುತ್ತದೆ, ಮುಂದಿನ ವರ್ಷವೂ ಇರುತ್ತದೆ. ಒಂದೇ ಬೆಳಗಿನಲ್ಲಿ ಇಪ್ಪತ್ತು ಮರಗಳನ್ನು ದಾಟಿಸುವ ನಡಿಗೆ ಈ ಬಲವನ್ನೇ ವ್ಯರ್ಥ ಮಾಡುತ್ತದೆ.

ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ 1914ರಲ್ಲಿ ಎಲೆನ್ ಎಡಿ ಶಾ ಎಂಬ ಅಧ್ಯಾಪಕಿಯ ಮುಂದಾಳುತನದಲ್ಲಿ ಮಕ್ಕಳ ತೋಟ ಆರಂಭವಾಯಿತು. ಮಕ್ಕಳು ತಮ್ಮ ಪಾತಿಯಲ್ಲಿ ತಾವೇ ಬಿತ್ತಿ, ಕಳೆ ಕಿತ್ತು, ಬೆಳೆದುದನ್ನು ಮನೆಗೆ ಒಯ್ಯುತ್ತಾರೆ. ಒಂದು ಶತಮಾನ ದಾಟಿದರೂ ಅದು ನಡೆಯುತ್ತಿದೆ. ನಮ್ಮ ಹಳ್ಳಿಯ ಮಕ್ಕಳಿಗೆ ಬಿತ್ತನೆ ಹೊಸದಲ್ಲ ಎನ್ನುತ್ತೀರಿ. ಒಪ್ಪುತ್ತೇನೆ. ಅಲ್ಲಿಂದ ನಾವು ಪಡೆಯಬೇಕಾದದ್ದು ಪಾತಿಯನ್ನಲ್ಲ, ಮತ್ತೆ ಮತ್ತೆ ಬರುವ ಏರ್ಪಾಟನ್ನು.

ಹಾಗಾದರೆ ಏನು ಮಾಡಬಹುದು? ಲಾಲ್‌ಬಾಗಿನಲ್ಲಿ ಒಂದು ಹೂವಿನ ಗಡಿಯಾರವಿದೆ. ಮುಳ್ಳುಗಳನ್ನು ತಿರುಗಿಸುವುದು ಯಂತ್ರ; ಹೂಗಿಡಗಳು ಅದರ ಅಲಂಕಾರ. ಆದರೆ 1751ರಲ್ಲಿ ಲಿನೇಯಸ್ ಯೋಚಿಸಿದ ಹೂವಿನ ಗಡಿಯಾರಕ್ಕೆ ಯಂತ್ರವೇ ಬೇಡ. ಯಾವ ಹೂ ಎಷ್ಟು ಹೊತ್ತಿಗೆ ಅರಳುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನು ನೋಡಿ ಹೊತ್ತು ತಿಳಿಯುವುದು ಅದರ ತತ್ತ್ವ. ನಮ್ಮಲ್ಲಿ ಅದಕ್ಕೆ ಹೂಗಳ ಕೊರತೆಯೇ? ನರ್ಸರಿಯವರು ಟೇಬಲ್ ರೋಸ್ ಎನ್ನುವ ಪುಟ್ಟ ಹೂ ಬಿಸಿಲೇರಿದ ಮೇಲೆ ಅರಳುತ್ತದೆ. ಸಂಜೆಮಲ್ಲಿಗೆಯ ಹೊತ್ತು ಅದರ ಹೆಸರಿನಲ್ಲೇ ಇದೆ. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುತ್ತದೆ. ಇವು ಹೊತ್ತನ್ನು ಹೇಗೆ ತಿಳಿಯುತ್ತವೆ? ಬೆಳಕಿನಿಂದಲೇ ಇರಬೇಕು ಎಂಬುದು ಸಹಜ ಊಹೆ. ಫ್ರಾನ್ಸಿನ ಖಗೋಳಜ್ಞ ದ ಮೆರಾನ್ 1729ರಲ್ಲಿ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿ ಇಟ್ಟು ನೋಡಿದ. ಬೆಳಕಿಲ್ಲದಿದ್ದರೂ ಎಲೆಗಳು ಹಗಲಿನಲ್ಲಿ ಬಿಚ್ಚಿಕೊಂಡು ರಾತ್ರಿ ಮಡಚಿಕೊಂಡವು. ಗಿಡದೊಳಗೇ ಒಂದು ಗಡಿಯಾರವಿರಬೇಕೆಂಬ ಯೋಚನೆಗೆ ಇದು ಮೊದಲ ಹೆಜ್ಜೆಗಳಲ್ಲೊಂದು. ಹಣ್ಣುನೊಣಗಳಲ್ಲಿ ಇಂಥ ಜೀವಗಡಿಯಾರದ ಕೀಲುಗಳನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರ ನೊಬೆಲ್ ಬಹುಮಾನ ಬಂತು. ದ ಮೆರಾನನ ಪ್ರಯೋಗಕ್ಕೆ ಬೇಕಾದದ್ದು ಒಂದು ಕುಂಡ ಮತ್ತು ಒಂದು ರಟ್ಟಿನ ಪೆಟ್ಟಿಗೆ. ಯಾವ ಶಾಲೆಯಲ್ಲೂ ಮಾಡಬಹುದು.

ವರ್ಷದ ಗಡಿಯಾರವೂ ಒಂದಿದೆ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್, ಬೆಂಗಳೂರಿನಲ್ಲಿ ಒಂದಾದ ಮೇಲೊಂದು ಜಾತಿಯ ಮರ ಹೂಬಿಡುವಂತೆ ರಸ್ತೆಬದಿಯ ಮರಗಳನ್ನು ಯೋಜಿಸಿದರು. ವರ್ಷಾರಂಭದಲ್ಲಿ ಟಬೆಬುಯಾ, ಆಮೇಲೆ ಜಕರಂಡಾ, ಏಪ್ರಿಲ್ ಮೇ ತಿಂಗಳಲ್ಲಿ ಮಕ್ಕಳು ಕತ್ತಿಕಾಯಿ ಮರ ಎನ್ನುವ ಗುಲ್‌ಮೊಹರ್. ಒಂದೊಂದು ಶಾಲೆ ಒಂದೊಂದು ಮರವನ್ನು ವಾರಕ್ಕೊಮ್ಮೆ ನೋಡಿ, ಚಿಗುರು, ಮೊಗ್ಗು, ಹೂ, ಕಾಯಿ ಎಂದು ದಾಖಲಿಸಿದರೆ ಹತ್ತು ವರ್ಷಗಳಲ್ಲಿ ಹವಾಮಾನದ ಬದಲಾವಣೆಯ ಬಗ್ಗೆ ಮಾತನಾಡಲು ನಮ್ಮದೇ ಅಂಕಿಗಳಿರುತ್ತವೆ. ‘ಸೀಸನ್‌ವಾಚ್’ ಯೋಜನೆಯಡಿ ಈ ದೇಶದ ಶಾಲಾಮಕ್ಕಳು ಈ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಉದ್ಯಾನಗಳು ತಮ್ಮ ಭಾನುವಾರದ ಪಟ್ಟಿಗೆ ಇದನ್ನು ಸೇರಿಸಿಕೊಳ್ಳಲು ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ.

ಹೆಸರು ಬೇಡವೆಂದು ನಾನು ಹೇಳುತ್ತಿಲ್ಲ. ಹೆಸರಿಲ್ಲದೆ ಮಾತೇ ಸಾಗದು. ಸಂಬಳವಿಲ್ಲದೆ ಮುಂಜಾನೆ ಎದ್ದು ಬಂದು ಹೆಸರು ಕಲಿಸುವವರ ಶ್ರಮ ದೊಡ್ಡದು. ಆದರೆ ಮರಕ್ಕೆ ಹೊಡೆದ ಫಲಕದಲ್ಲಿ ಹೆಸರು, ಕುಟುಂಬ, ತವರುಗಳ ಕೆಳಗೆ ಒಂದು ಪ್ರಶ್ನೆಗೂ ಜಾಗವಿದೆ. ‘ನಿನ್ನ ಎತ್ತರ, ನಿನ್ನ ನೆರಳು, ಮರದ ನೆರಳು ಅಳೆ. ಮರದ ಎತ್ತರವೆಷ್ಟು?’ ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳು ಅಲ್ಲಿ ಹುಲ್ಲಿನ ಮೇಲೆ ಮಲಗಿರುತ್ತವೆ. ಅಧ್ಯಾಪಕರು ಪ್ರವಾಸಕ್ಕೆ ಹೋಗುವಾಗ ಒಂದು ಅಳತೆಪಟ್ಟಿ, ಒಂದು ಉಷ್ಣತಾಮಾಪಕ ಒಯ್ದರೆ ಮಧ್ಯಾಹ್ನ ಲಾಲ್‌ಬಾಗಿನ ಬಂಡೆಯ ಮೇಲೂ ಮರದಡಿಯ ಮಣ್ಣಿನ ಮೇಲೂ ಉಷ್ಣತೆ ನೋಡಬಹುದು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಎಂದು ಹೇಳಿ ಫೋಟೊ ತೆಗೆಸಿಕೊಂಡು ಇಳಿಯುವುದಕ್ಕಿಂತ ಅದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ.

ತಂಗಿಯ ಮಗಳು ಆಮೇಲೆ ಮನೆಯ ಕುಂಡದ ಸಂಜೆಮಲ್ಲಿಗೆ ಅರಳುವ ಹೊತ್ತನ್ನು ಮೂರು ವಾರ ಗುರುತು ಹಾಕಿದಳು. ಮೋಡ ಕವಿದ ದಿನ ಅದು ಬೇಗ ಅರಳುತ್ತದೆಂದು ಅವಳಿಗೇ ಹೊಳೆಯಿತು. ಮುಂದಿನ ನಡಿಗೆಯಲ್ಲಿ ಅದೇ ಮಾರ್ಗದರ್ಶಕರಿಗೆ ಪುಸ್ತಕ ತೋರಿಸಿ, “ಇಲ್ಲಿಯದು ಎಷ್ಟು ಗಂಟೆಗೆ ಅರಳುತ್ತೆ?” ಎಂದು ಕೇಳಿದಳು. ಅವರು ನಕ್ಕು, “ನಾವು ಬೆಳಿಗ್ಗೆ ಮಾತ್ರ ಬರ್ತೀವಲ್ಲ ಪುಟ್ಟಿ, ನೋಡಿಯೇ ಇಲ್ಲ” ಎಂದರು. ಆ ಶನಿವಾರ ಸಂಜೆ ಮೂರೂವರೆಗೆ ನಾವು ಮೂವರೂ ಆ ಪಾತಿಯ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು.