ಹಾಡಿನಲ್ಲಿ ರಾಜಕಾರಣ: ಒಂದು ವಿವೇಚನೆ

ಸಂಗೀತ, ನಾಟಕ, ಚಲನಚಿತ್ರ ಮೊದಲಾದ ಜನಪ್ರಿಯ ಕಲೆಗಳಲ್ಲಿ ರಾಜಕೀಯ ಸಂದೇಶಕ್ಕೆ ಸ್ಥಾನವುಂಟೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಬಹುಕಾಲದಿಂದ ಪ್ರಚಾರದಲ್ಲಿವೆ. ಕಲೆಯ ಗುರಿ ರಸಾನಂದ, ಅದರೊಳಗೆ ಸಭೆಯ ಭಾಷಣವನ್ನು ತುರುಕಿದರೆ ರಸಭಂಗವಾಗುವುದೆಂಬುದು ಒಂದು ಪಕ್ಷ. ಹಸಿದವರ ನಾಡಿನಲ್ಲಿ ಬರಿಯ ಆನಂದವನ್ನು ಹಂಚುವ ಕಲೆ ತಿಳಿದೋ ತಿಳಿಯದೆಯೋ ಉಳ್ಳವರ ಸೇವೆಯಲ್ಲಿ ತೊಡಗಿರುತ್ತದೆ, ಆದ್ದರಿಂದ ಸಂದೇಶವಿಲ್ಲದ ಹಾಡು ವ್ಯರ್ಥವೆಂಬುದು ಇನ್ನೊಂದು ಪಕ್ಷ. ಈ ಎರಡು ಪಕ್ಷದವರೂ ಹಾಡಿನ ವಸ್ತುವನ್ನು ಕುರಿತು ವಾದಿಸುತ್ತಾರೆಯೇ ಹೊರತು, ಹಾಡುವವನು ಆ ವಸ್ತುವಿನೊಡನೆ ಯಾವ ಸಂಬಂಧದಲ್ಲಿ ನಿಂತಿದ್ದಾನೆಂಬುದನ್ನು ವಿಚಾರಿಸುವುದಿಲ್ಲ. ಕನ್ನಡ ನಾಡಿನ ಸುಮಾರು ನೂರು ವರ್ಷಗಳ ಅನುಭವವನ್ನು ಪರಿಶೀಲಿಸಿದರೆ, ನಿರ್ಣಯವು ಈ ಸಂಬಂಧದಲ್ಲಿಯೇ ಅಡಗಿದೆಯೆಂಬುದು ಮನಗಾಣದಿರದು.

ಮೊದಲಿಗೆ 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನವನ್ನು ನೆನೆಯಬಹುದು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಗದಗಿನಲ್ಲಿ ವಕೀಲರಾಗಿದ್ದ, ನಾಟಕಕಾರರೂ ಆಗಿದ್ದ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಹಾಡಲ್ಪಟ್ಟಿತು. ಅಂದು ಗಾಂಧೀಜಿಯವರ ಎದುರಿನಲ್ಲಿ ಹಾಡಿದ ಬಾಲಕಿಯರಲ್ಲಿ, ಮುಂದೆ ಕಿರಾಣಾ ಘರಾಣೆಯ ಶ್ರೇಷ್ಠ ಗಾಯಕಿಯೆನಿಸಿದ ಗಂಗೂಬಾಯಿ ಹಾನಗಲ್ಲರೂ ಒಬ್ಬರು. ಆಗ ಅವರ ವಯಸ್ಸು 11. ಆ ಕಾಲದಲ್ಲಿ ಕನ್ನಡ ಪ್ರದೇಶವು ಮುಂಬಯಿ, ಮದರಾಸು ಪ್ರಾಂತಗಳಲ್ಲಿಯೂ ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿಯೂ ಕೊಡಗಿನಲ್ಲಿಯೂ ಹರಿದು ಹಂಚಿಹೋಗಿತ್ತು. ನಾಡು ಒಂದಾಗಲೆಂಬ ಹಾರೈಕೆಯೆಂದರೆ ಆಡಳಿತದ ಎಲ್ಲೆಗಳನ್ನೇ ಬದಲಿಸಬೇಕೆಂಬ ಬೇಡಿಕೆ; ಇದಕ್ಕಿಂತ ಸ್ಪಷ್ಟವಾದ ರಾಜಕೀಯ ವಸ್ತು ಇನ್ನಾವುದಿದ್ದೀತು? ಆ ಬೇಡಿಕೆ 1956ರ ನವೆಂಬರ್ 1ರಂದು ಈಡೇರಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಬೇಡಿಕೆ ತೀರಿದ ಮೇಲೆ ಬೇಡಿಕೆಯ ಪತ್ರಗಳು ಕಡತ ಸೇರುತ್ತವೆ. ಈ ಗೀತೆಯಾದರೋ ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ. ಪಡೆಯಬೇಕಾದುದನ್ನು ಪಡೆದ ಮೇಲೂ ಅದು ಉಳಿದುಬಂದಿತೆಂದರೆ, ಬೇಡಿಕೆಯ ಜೊತೆಗೆ ಬೇರೊಂದು ವಸ್ತು, ಎಂದರೆ ನಾಡಿನ ಮೇಲಣ ಒಲವು, ಅದರಲ್ಲಿ ತುಂಬಿತ್ತೆಂದೇ ಅರ್ಥ.

ಆ ಗೀತೆ ಬಹುಮಂದಿಗೆ ಪ್ರಿಯವಾದ ಹಾರೈಕೆ, ಕೇಳುವವರನ್ನು ನೋಯಿಸುವಂಥದಲ್ಲ. ಕೇಳುಗನನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವ ಹಾಡಿನ ವಿಚಾರವೇನು? ಇದಕ್ಕೆ 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಉತ್ತಮ ನಿದರ್ಶನ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಜನಿಸಿ, ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದ ಈ ಕವಿಯ ಹಾಡುಗಳು ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಮೆರವಣಿಗೆಗಳಲ್ಲಿ, ಊರ ಹೊರಗಣ ಕೇರಿಗಳಲ್ಲಿ ಮೊಳಗಿದವು. ಅದೇ 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡವು ನಾಟಕವನ್ನು ಬೀದಿಗೆ ಕೊಂಡೊಯ್ದಿತು. ಅವರ ಹಾಡಿನ ಭಾಷೆ ಒರಟು, ಕೋಪ ನೇರ, ಅಲಂಕಾರ ವಿರಳ ಎಂದು ಪಂಡಿತರಲ್ಲಿ ಕೆಲವರು ಮುಖ ಸಿಂಡರಿಸಿದ್ದುಂಟು. ಆದರೆ 1947ರ ಸ್ವಾತಂತ್ರ್ಯದ ಫಲ ಯಾರ ಮನೆಯ ಬಾಗಿಲನ್ನು ತಲಪಿತೆಂದು ವಿಚಾರಿಸುವ ಅವರ ಗೀತೆಯನ್ನು ಪರಿಭಾವಿಸಬೇಕು. ಅದು ಒಬ್ಬ ಮಂತ್ರಿಯನ್ನೋ ಒಂದು ಪಕ್ಷವನ್ನೋ ಹೆಸರಿಸಿ ನಿಂದಿಸಿದ್ದರೆ ಆ ಮಂತ್ರಿಯೊಡನೆ, ಆ ಪಕ್ಷದೊಡನೆ ಮುಗಿದುಹೋಗುತ್ತಿತ್ತು. ಅದು ಲೆಕ್ಕ ಕೇಳಿತು. ಲೆಕ್ಕ ಇನ್ನೂ ಚುಕ್ತಾ ಆಗಿಲ್ಲವಾದ್ದರಿಂದ ಹಾಡೂ ಮುಗಿದಿಲ್ಲ. ಕವಿ ಮುಂದೆ ವಿಧಾನ ಪರಿಷತ್ತಿನ ಸದಸ್ಯರಾದರು, 2021ರಲ್ಲಿ ಕಾಲವಾದರು. ಅವರು ಎತ್ತಿದ ಪ್ರಶ್ನೆ ಮಾತ್ರ ಕೇರಿಯಲ್ಲಿಯೇ ಉಳಿಯಿತು.

ರಸವಾದಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಲೌಕಿಕವಾದ ಭಾವವು ವ್ಯಕ್ತಿಯ ಸೀಮೆಯನ್ನು ದಾಟಿ ಸಾಧಾರಣೀಕರಣಗೊಂಡಾಗಲೇ ರಸವಾಗುವುದೆಂದು ಅಲಂಕಾರಶಾಸ್ತ್ರ ಹೇಳುತ್ತದೆ. ಇಂಥ ಜಾತಿಯ, ಇಂಥ ಕಾಲದ ಸಿಟ್ಟು ಸರ್ವಸಾಧಾರಣವಾಗುವುದೆಂತು ಎಂದು ಅವರು ಕೇಳಿಯಾರು. ಈ ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ. ಅದನ್ನು ಸರಿಯಾಗಿ ಅನ್ವಯಿಸಿದರೆ ಸಾಕು. ಹಸಿವನ್ನು, ಅವಮಾನವನ್ನು ಸ್ವತಃ ಉಂಡವನು ಹಾಡಿದಾಗ, ಅದನ್ನು ಎಂದೂ ಉಣ್ಣದವನಿಗೂ ಅದು ಅರಿವಿಗೆ ಬರುವುದಾದರೆ, ಸಾಧಾರಣೀಕರಣವೆಂದರೆ ಇನ್ನೇನು? ರಾಜಕೀಯ ವಸ್ತುವೆಂಬ ಕಾರಣಕ್ಕೆ ರಸ ಕೆಡುವುದಿಲ್ಲ. ಅನುಭವಿಸದ ಕೋಪವನ್ನು ಅಭಿನಯಿಸಿದಾಗ ರಸ ಕೆಡುತ್ತದೆ. ಚಳವಳಿಯ ಹಾಡುಗಳಲ್ಲಿಯೂ ಇಂಥವು ಬಹಳ ಇದ್ದವು: ಘೋಷಣೆಗೆ ತಾಳ ಕಟ್ಟಿದ ರಚನೆಗಳು. ಅವು ಅಂದಿನ ಮೆರವಣಿಗೆಯೊಡನೆಯೇ ಸಾಗಿ ಮರೆಯಾದವು; ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ.

ಹಾಡು ರಾಜಕಾರಣವನ್ನು ಮಾತನಾಡುವುದಕ್ಕಿಂತ ಹೆಚ್ಚಿನ ಅಪಾಯ ರಾಜಕಾರಣವೇ ಹಾಡನ್ನು ಕೈವಶ ಮಾಡಿಕೊಳ್ಳುವುದರಲ್ಲಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸರ್ಕಾರದ ಪ್ರಚಾರ ಕಾರ್ಯಕ್ಕೆ ಸಹಕರಿಸಲು ಒಪ್ಪಲಿಲ್ಲವೆಂಬ ಕಾರಣಕ್ಕೆ ಹಿಂದಿಯ ಖ್ಯಾತ ಹಿನ್ನೆಲೆ ಗಾಯಕ ಕಿಶೋರ್ ಕುಮಾರರ ಹಾಡುಗಳ ಪ್ರಸಾರವನ್ನು ಆಕಾಶವಾಣಿ ಮತ್ತು ದೂರದರ್ಶನಗಳಲ್ಲಿ ನಿಲ್ಲಿಸಲಾಯಿತು. ಆ ಹಾಡುಗಳಲ್ಲಿ ಬಹುಪಾಲು ಪ್ರೇಮಗೀತೆಗಳು, ವಿನೋದಗೀತೆಗಳು. ರಾಜಕೀಯದ ಸೋಂಕು ಅವುಗಳಿಗಿರಲಿಲ್ಲ. ಕಲೆಯು ರಾಜಕಾರಣದಿಂದ ದೂರವಿದ್ದ ಮಾತ್ರಕ್ಕೆ ರಾಜಕಾರಣವು ಕಲೆಯಿಂದ ದೂರವಿರುತ್ತದೆಂಬ ಭರವಸೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನು ಚುನಾವಣೆ ಬಂದಾಗ ಜನಪ್ರಿಯ ಚಿತ್ರಗೀತೆಯ ಧಾಟಿಗೆ ಅಭ್ಯರ್ಥಿಯ ಹೆಸರನ್ನು ಹೊಂದಿಸಿ ಧ್ವನಿವರ್ಧಕದಲ್ಲಿ ಕೂಗಿಸುವ ರೂಢಿ ಎಲ್ಲರಿಗೂ ತಿಳಿದದ್ದೇ. ಅಲ್ಲಿ ಒಂದೇ ಧಾಟಿ ಎದುರಾಳಿಗಳಿಬ್ಬರಿಗೂ ಒದಗಬಲ್ಲುದು. ಹಾಡು ಇಲ್ಲಿ ಬಾಡಿಗೆಯ ಬಂಡಿಯಾಗಿದೆ. ಕೂತವರನ್ನು ಒಯ್ಯುವುದಷ್ಟೇ ಅದರ ಕೆಲಸ.

ಇದಕ್ಕೆ ಪ್ರತಿಯಾಗಿ ರಾಜಕುಮಾರ್ ಅವರ ನಿದರ್ಶನ ಗಮನಾರ್ಹ. 1982ರ ಗೋಕಾಕ್ ಚಳವಳಿಯಲ್ಲಿ ಕನ್ನಡಕ್ಕೆ ಶಿಕ್ಷಣದಲ್ಲಿ ಅಗ್ರಸ್ಥಾನ ದೊರೆಯಬೇಕೆಂದು ಅವರು ತಮ್ಮ ಅಪಾರವಾದ ಜನಪ್ರಿಯತೆಯನ್ನು ಧಾರೆಯೆರೆದರು. ಊರೂರುಗಳಲ್ಲಿ ಜನಸಾಗರ ನೆರೆಯಿತು. ಅಷ್ಟು ಜನಬೆಂಬಲ ಕಣ್ಣೆದುರಿಗೆ ಇದ್ದರೂ ಅವರು ಚುನಾವಣೆಗೆ ನಿಲ್ಲಲಿಲ್ಲ. 2006ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರ ಸ್ಥಾನವನ್ನು ಬಯಸಲಿಲ್ಲ. ಕಲಾವಿದನು ಸಾರ್ವಜನಿಕ ಪ್ರಶ್ನೆಗೆ ಕಂಠವನ್ನು ಕೊಡುವುದಕ್ಕೂ, ಕಂಠವನ್ನು ಕೊಟ್ಟು ಪದವಿಯನ್ನು ಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಪರರ ಮನೆಯ ಗುಣದೋಷಗಳನ್ನು ಎಣಿಸಿದ ಮೇಲೆ ತಮ್ಮ ಮನೆಯನ್ನೂ ನೋಡಿಕೊಳ್ಳುವುದು ಶರಣರ ಮಾರ್ಗ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಮಹನೀಯರು ವಚನಗಳನ್ನು ಹಿಂದೂಸ್ತಾನಿ ಸಂಗೀತದ ವೇದಿಕೆಗೆ ತಂದರು. ಅವರ ಉಪಕಾರ ದೊಡ್ಡದು; ಓದು ಬಾರದ ಲಕ್ಷಾಂತರ ಜನರಿಗೆ ವಚನವು ಕಿವಿಯ ಮೂಲಕ ತಲಪಿತು. ಆದರೆ ಇಂದು ವಚನಗಾಯನವು ಬಹುಮಟ್ಟಿಗೆ ಸಮಾರಂಭದ ಆರಂಭವಿಧಿಯಾಗಿ ಪರಿಣಮಿಸಿದೆ. ಬಡವನ ದೇಹವೇ ದೇಗುಲವೆಂದು ಸಾರುವ ಬಸವಣ್ಣನವರ ವಚನವನ್ನು, ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಸಿದ ಕಟ್ಟಡದ ಪ್ರಾರಂಭೋತ್ಸವದಲ್ಲಿ ಹಾಡಿದರೂ ಯಾರಿಗೂ ಮುಜುಗರವಾಗುವುದಿಲ್ಲ. ಹೀಗಾಗುವುದಕ್ಕೆ ಗಾಯನದ ಕ್ರಮವೂ ಒಂದು ಕಾರಣವಾಗಿದೆ. ವಚನವು ಛಂದಸ್ಸಿಗೆ ಕಟ್ಟುಬಿದ್ದ ಪದ್ಯವಲ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಚಾರ. ದೃಷ್ಟಾಂತದಿಂದ ದೃಷ್ಟಾಂತಕ್ಕೆ ಸಾಗಿ, ಅಂಕಿತದ ಹತ್ತಿರ ಬಂದಾಗ ಅದು ತನ್ನ ಖಚಿತವಾದ ನಿಲುವನ್ನು ಪ್ರಕಟಿಸುತ್ತದೆ. ಮೊದಲ ನುಡಿಯನ್ನು ಪಲ್ಲವಿಯಾಗಿ ಮಾಡಿಕೊಂಡು ಪ್ರತಿಯೊಂದು ಖಂಡದ ತರುವಾಯವೂ ಅದಕ್ಕೇ ಮರಳಿದರೆ ಈ ಏರಿಕೆ ತಡೆಯುತ್ತದೆ. ಮೇಲೆ ಹೇಳಿದ ವಚನದಲ್ಲಿ ಮುಖ್ಯವಾದುದು ಸ್ಥಾವರ ಜಂಗಮಗಳ ವಿವೇಕ. ಅದು ಕಡೆಯಲ್ಲಿ ಬರುತ್ತದೆ. ಪಲ್ಲವಿಯ ಆವರ್ತನೆಯಲ್ಲಿ, ಆಲಾಪದ ಮಾಧುರ್ಯದಲ್ಲಿ ಆ ವಿವೇಕ ಕಿವಿಗೆ ಬಿದ್ದೂ ಬೀಳದಂತಾಗುತ್ತದೆ. ಸಂದೇಶವನ್ನು ತುರುಕಿ ಹಾಡನ್ನು ಕೆಡಿಸುವುದು ಒಂದು ದೋಷವಾದರೆ, ಹಾಡಿನ ಇಂಪಿನಲ್ಲಿ ಸಂದೇಶವನ್ನು ಕರಗಿಸಿಬಿಡುವುದೂ ಅಷ್ಟೇ ದೊಡ್ಡ ದೋಷ. ಎರಡನೆಯದು ಕೇಳಲು ಹಿತವಾಗಿರುವುದರಿಂದ ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ.

ಈ ಜಿಜ್ಞಾಸೆಗೆ ಬಸವಣ್ಣನವರಲ್ಲಿಯೇ ಒಂದು ಅಳತೆಗೋಲು ದೊರೆಯುತ್ತದೆ. ಒಂದು ವಚನದಲ್ಲಿ ಅವರು ತಾಳಲಯಗಳ ಶಾಸ್ತ್ರವನ್ನು ತಾವು ಅರಿಯೆವೆಂದು ನಿವೇದಿಸಿಕೊಂಡು, ಒಲಿದ ಬಗೆಯಲ್ಲಿ ಹಾಡುವುದಾಗಿ ಹೇಳುತ್ತಾರೆ. ಇನ್ನೊಂದು ವಚನದಲ್ಲಿ ತಮ್ಮ ಶರೀರವನ್ನೇ ವೀಣೆಯನ್ನಾಗಿಸಿ ನುಡಿಸಬೇಕೆಂದು ಕೂಡಲಸಂಗಮದೇವನನ್ನು ಬೇಡುತ್ತಾರೆ. ಇಲ್ಲಿ ಹಾಡುವವನೇ ವಾದ್ಯವಾಗಿದ್ದಾನೆ. ತಂತಿಯಾಗಿ ಬಿಗಿಯಲ್ಪಡುವುದು ಅವನ ನರಗಳೇ. ಪ್ರಚಾರದ ಹಾಡಿನಲ್ಲಿಯಾದರೋ ಹಾಡು ವಾದ್ಯ, ನುಡಿಸುವವನು ಬೇರೆ. ಅವನ ಮೈಗೆ ಯಾವ ತಂತಿಯ ಬಿಗಿತವೂ ತಾಕುವುದಿಲ್ಲ. ಲೋಕವನ್ನು ತಿದ್ದುವ ಮುನ್ನ ತನ್ನನ್ನು ತಿದ್ದಿಕೊಳ್ಳಬೇಕೆಂಬ ಅವರ ಎಚ್ಚರಿಕೆಯೂ ಇದೇ ತತ್ತ್ವವನ್ನು ಸಾರುತ್ತದೆ. ಸಮಾಜವನ್ನು ಕುರಿತು, ಅಧಿಕಾರವನ್ನು ಕುರಿತು ಅವರಷ್ಟು ನಿಷ್ಠುರವಾಗಿ ನುಡಿದವರು ವಿರಳ. ಆದರೂ ಆ ನುಡಿ ಪ್ರಚಾರವೆನಿಸದಿರುವುದಕ್ಕೆ ಕಾರಣ, ಅದು ಮೊದಲು ನುಡಿದವರ ಎದೆಯನ್ನೇ ಬಗೆದು ಹೊರಟಿರುವುದು.

ಆದ್ದರಿಂದ ರಾಜಕೀಯ ಸಂದೇಶಕ್ಕೆ ಕಲೆಯಲ್ಲಿ ಸ್ಥಾನವುಂಟೆ ಎಂಬುದಕ್ಕಿಂತ, ಆ ಸಂದೇಶ ಹಾಡುವವನಿಗೂ ಅನ್ವಯಿಸುತ್ತದೆಯೆ, ಹಾಡಿದುದಕ್ಕೆ ಅವನು ತೆರಬೇಕಾದ ಬೆಲೆಯೇನಾದರೂ ಉಂಟೆ ಎಂದು ಕೇಳುವುದು ಯುಕ್ತ. ಈ ಪರೀಕ್ಷೆಯಲ್ಲಿ ಕೇರಿಯ ಹಾಡು ಉತ್ತೀರ್ಣವಾಗಬಹುದು, ಸಭಾಮಂಟಪದ ವಚನಗಾಯನ ಅನುತ್ತೀರ್ಣವಾಗಬಹುದು. ವಚನವನ್ನು ಹಾಡುವ ಗಾಯಕರು ಕನಿಷ್ಠಪಕ್ಷ ಒಂದು ನಿಯಮವನ್ನು ಪಾಲಿಸಬಹುದು: ರಾಗವಿಸ್ತಾರಕ್ಕೆ ತೊಡಗುವ ಮೊದಲು ವಚನವನ್ನು ಆದಿಯಿಂದ ಅಂಕಿತದವರೆಗೆ ಒಮ್ಮೆ ಸ್ಪಷ್ಟವಾಗಿ ನುಡಿಯಬೇಕು. ಮುಂದಿನ ಸಾಲಿನಲ್ಲಿ ಕುಳಿತವರಿಗೆ ಅದರಿಂದ ಸ್ವಲ್ಪ ಇರುಸುಮುರುಸಾದರೆ, ವಚನ ಕೇಳಿಸಿತೆಂದು ತಿಳಿಯಬಹುದು.