ಇಸಬೆಲ್ಲಳ ಎರಡು ಬಿನ್ನಹಗಳು

ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದ ಮುಕ್ತಾಯವನ್ನು ಹಿರಿಯ ವಿಮರ್ಶಕರಲ್ಲಿ ಹಲವರು ಒಪ್ಪಿಲ್ಲ. ಏಂಜೆಲೊ ದಂಡನೆಯಿಲ್ಲದೆ ಪಾರಾಗುವುದನ್ನು ಕಂಡು ಓದುಗನಿಗೆ ರೋಷವುಂಟಾಗುವುದೆಂದು ಜಾನ್ಸನ್ ಬರೆದನು. ಈ ಕ್ಷಮೆಯಿಂದ ನ್ಯಾಯಕ್ಕೇ ವಂಚನೆಯಾಯಿತೆಂದು ಕೋಲ್‌ರಿಜ್ ಆಕ್ಷೇಪಿಸಿದನು. ಇದಕ್ಕೆ ಪ್ರತಿಯಾಗಿ ಜಿ. ವಿಲ್ಸನ್ ನೈಟ್ 1930ರ ‘ದಿ ವೀಲ್ ಆಫ್ ಫೈರ್’ ಗ್ರಂಥದಲ್ಲಿ ನಾಟಕವನ್ನು ಸುವಾರ್ತೆಗಳ ಬೆಳಕಿನಲ್ಲಿಟ್ಟು ನೋಡಿ, ಡ್ಯೂಕನಲ್ಲಿ ಕ್ರಿಸ್ತನ ಛಾಯೆಯನ್ನು ಕಂಡರು. ಕ್ರೈಸ್ತ ಕ್ಷಮೆಯ ತಿರುಳು ಈ ನಾಟಕದಲ್ಲಿದೆ ಎಂಬುದು ನಿಜ. ಆದರೆ ಅದನ್ನು ಅರಸಬೇಕಾದದ್ದು ಡ್ಯೂಕನಲ್ಲಲ್ಲ, ಇಸಬೆಲ್ಲಳಲ್ಲಿ.

ವಿವಾಹಕ್ಕೆ ಮುನ್ನ ನಡೆದ ಸಂಗಕ್ಕೆ ಮರಣವೇ ದಂಡನೆಯೆಂಬ ಹಳೆಯ ಶಾಸನವೊಂದು ವಿಯೆನ್ನಾ ನಗರದಲ್ಲಿ ಬಹುಕಾಲ ಮಲಗಿತ್ತು. ಡ್ಯೂಕನ ಪ್ರತಿನಿಧಿಯಾದ ಏಂಜೆಲೊ ಅದನ್ನು ಎಬ್ಬಿಸಿ ಕ್ಲಾಡಿಯೊನಿಗೆ ಮರಣದಂಡನೆ ವಿಧಿಸುತ್ತಾನೆ. ಸೋದರನ ಪ್ರಾಣವನ್ನು ಬೇಡಲು ಬಂದ ಇಸಬೆಲ್ಲಳಿಂದ ಅವಳ ಶೀಲವನ್ನೇ ಬೆಲೆಯಾಗಿ ಕೇಳುತ್ತಾನೆ. ಸಂನ್ಯಾಸಿವೇಷದಲ್ಲಿರುವ ಡ್ಯೂಕನ ಉಪಾಯದಂತೆ, ಹಿಂದೆ ಏಂಜೆಲೊ ಕೈಬಿಟ್ಟಿದ್ದ ಮರಿಯಾನಾ ಕತ್ತಲಲ್ಲಿ ಇಸಬೆಲ್ಲಳಿಗೆ ಬದಲಾಗಿ ಹೋಗುತ್ತಾಳೆ. ಆದರೂ ಏಂಜೆಲೊ ಮಾತಿಗೆ ತಪ್ಪಿ ಕ್ಲಾಡಿಯೊನ ವಧೆಗೆ ಆಜ್ಞೆ ಕಳುಹಿಸುತ್ತಾನೆ. ಕ್ಲಾಡಿಯೊ ಬದುಕಿರುವುದು ಡ್ಯೂಕನಿಗೆ ಗೊತ್ತು; ಇಸಬೆಲ್ಲಳಿಗೆ ಗೊತ್ತಿಲ್ಲ.

ಎರಡನೆಯ ಅಂಕದಲ್ಲಿ ಬರುವ ಅವಳ ಮೊದಲ ಬಿನ್ನಹ ದೈವಶಾಸ್ತ್ರದಿಂದ ತುಂಬಿದೆ. ಮನುಷ್ಯರೆಲ್ಲರೂ ಒಮ್ಮೆ ದಂಡನೆಗೆ ಪಾತ್ರರಾಗಿದ್ದರು. ದಂಡಿಸುವ ಹಕ್ಕು ಯಾರಿಗೆ ಪೂರ್ಣವಾಗಿತ್ತೋ ಅವನೇ ಅವರ ಉದ್ಧಾರದ ದಾರಿಯನ್ನು ಕಂಡುಹಿಡಿದನು ಎಂಬುದು ಅವಳ ವಾದ. ನಮ್ಮ ರೂಢಿಯಲ್ಲಿ ಪಾಪಕ್ಕೆ ಪುಣ್ಯ ಎದುರುಮಾತು. ಸಂತ ಪೌಲನ ಪತ್ರಗಳಲ್ಲಾದರೋ ಪಾಪಕ್ಕೆದುರಾಗಿ ನಿಲ್ಲುವುದು ಮನುಷ್ಯನ ಗಳಿಕೆಯಲ್ಲ, ದೇವರ ಕೃಪೆ. ವಿದ್ಯಾರ್ಥಿಗಳು ಈ ಭೇದವನ್ನು ಮನಸ್ಸಿನಲ್ಲಿಡದಿದ್ದರೆ ಇಸಬೆಲ್ಲಳ ಮಾತು ಬರಿಯ ಕರುಣೆಯ ಯಾಚನೆಯಂತೆ ಕೇಳಿಸೀತು. ಮಾತೇನೋ ಉಜ್ಜ್ವಲವಾಗಿದೆ, ಆದರೆ ಅದಕ್ಕಾಗಿ ಅವಳು ಇನ್ನೂ ಏನನ್ನೂ ತೆತ್ತಿಲ್ಲ. ಬೇಡುತ್ತಿರುವುದು ಒಡಹುಟ್ಟಿದವನಿಗಾಗಿ.

ಕೊನೆಯ ಅಂಕದಲ್ಲಿ ಪರಿಸ್ಥಿತಿ ತಿರುಗಿದೆ. ಕ್ಲಾಡಿಯೊನ ಸಾವಿಗೆ ಏಂಜೆಲೊನ ಸಾವೇ ಸರಿಯಾದ ಅಳತೆಯೆಂದು ಡ್ಯೂಕನು ತೀರ್ಪು ಕೊಡುತ್ತಾನೆ. ಮರಿಯಾನಾ ಮತ್ತೆ ಮತ್ತೆ ಮೊರೆಯಿಟ್ಟ ಮೇಲೆ ಇಸಬೆಲ್ಲಾ ತನ್ನ ಶತ್ರುವಿಗಾಗಿ ಮೊಣಕಾಲೂರುತ್ತಾಳೆ. ವಿಚಿತ್ರವೆಂದರೆ, ಈ ಎರಡನೆಯ ಬಿನ್ನಹದಲ್ಲಿ ದೇವರ ಹೆಸರೇ ಇಲ್ಲ. ಇರುವುದು ಬರಿಯ ಕಾನೂನು. ತನ್ನ ಸೋದರನಿಗಾದದ್ದು ನ್ಯಾಯವೇ, ಅವನು ಆ ಕೃತ್ಯವನ್ನು ಮಾಡಿದ್ದನು. ಏಂಜೆಲೊನ ದುಷ್ಟ ಸಂಕಲ್ಪವಾದರೋ ಕೃತ್ಯವಾಗಲಿಲ್ಲ, ಸಂಕಲ್ಪವು ಶಾಸನಕ್ಕೆ ಅಧೀನವಲ್ಲ ಎನ್ನುತ್ತಾಳೆ.

ನಾಟಕದ ಹೆಸರು ಬಂದದ್ದು ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದಿಂದ. ಅದೇ ಗಿರಿಪ್ರವಚನದ 5ನೆಯ ಅಧ್ಯಾಯ ಕಾಮದ ನೋಟವನ್ನೇ ಹೃದಯದಲ್ಲಿ ನಡೆದ ವ್ಯಭಿಚಾರವೆಂದು ಎಣಿಸುತ್ತದೆ. ಸಂನ್ಯಾಸಿನಿಯಾಗಲಿದ್ದ ಇಸಬೆಲ್ಲಾ ಇದನ್ನು ಅರಿಯದವಳಲ್ಲ. ಏಂಜೆಲೊ ಪಾಪಿಯಲ್ಲವೆಂದು ಅವಳು ಹೇಳುತ್ತಿಲ್ಲ. ಹೃದಯದ ಪಾಪವನ್ನು ತೂಗುವ ತಕ್ಕಡಿ ರಾಜನ ಕೈಯಲ್ಲಿಲ್ಲ ಎನ್ನುತ್ತಿದ್ದಾಳೆ. ಪಾಪವನ್ನೂ ಅಪರಾಧವನ್ನೂ ಒಂದಾಗಿಸಿ ಕೊಲ್ಲಹೊರಟದ್ದೇ ಏಂಜೆಲೊನ ಆಡಳಿತದ ಮೂಲದೋಷ. ಅವನು ಅಳಿಸಿದ ಗೆರೆಯನ್ನು ಅವನ ಪ್ರಾಣವುಳಿಸಲು ಇಸಬೆಲ್ಲಾ ಮತ್ತೆ ಎಳೆಯುತ್ತಾಳೆ. ಮೊದಲ ಬಿನ್ನಹದಲ್ಲಿ ಉಪದೇಶವಾಗಿದ್ದುದು ಇಲ್ಲಿ ಆಚರಣೆಯಾಗಿದೆ. ಆದಕಾರಣ ಉಪದೇಶದ ಮಾತು ಬೇಕಾಗಲಿಲ್ಲ.

ಆಕರಗಳೊಡನೆ ಹೋಲಿಸಿದರೆ ಕವಿಯ ಉದ್ದೇಶ ಇನ್ನೂ ಸ್ಪಷ್ಟವಾಗುತ್ತದೆ. ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥೆಯಲ್ಲಿಯೂ ವೆಟ್‌ಸ್ಟನ್ನನ 1578ರ ನಾಟಕದಲ್ಲಿಯೂ ನಾಯಿಕೆ ಅಧಿಕಾರಿಗೆ ವಶಳಾಗಿ, ರಾಜಾಜ್ಞೆಯಂತೆ ಅವನನ್ನೇ ಮದುವೆಯಾಗಿ, ಬಳಿಕ ಪತಿಯ ಪ್ರಾಣವನ್ನು ಬೇಡುತ್ತಾಳೆ. ಅದು ಪತ್ನೀಧರ್ಮ. ಆ ಹೊಣೆಯನ್ನು ಷೇಕ್ಸ್‌ಪಿಯರ್ ಮರಿಯಾನಳಿಗೆ ವಹಿಸಿ, ಇಸಬೆಲ್ಲಳನ್ನು ಎಲ್ಲ ಋಣದಿಂದಲೂ ಬಿಡಿಸಿದ್ದಾನೆ. ಅವಳು ಬೇಡಲೇಬೇಕಾದ ಕಾರಣ ಒಂದೂ ಉಳಿದಿಲ್ಲ.

ಅವಳ ತರ್ಕದಲ್ಲಿ ಬಿರುಕಿದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನ್ಯಾಯಪೀಠದಲ್ಲಿ ಕುಳಿತು ಶೀಲವನ್ನು ಲಂಚವಾಗಿ ಕೇಳಿದ್ದು ಬರಿಯ ಸಂಕಲ್ಪವಲ್ಲ, ಕೃತ್ಯವೇ. ಜಾನ್ಸನನ ಅಸಮಾಧಾನಕ್ಕೆ ಇಷ್ಟರ ಮಟ್ಟಿಗೆ ಆಧಾರವುಂಟು. ಆದರೆ ಕ್ಷಮಿಸುವವಳು ತಪ್ಪನ್ನು ಅಳೆಯದೆ ಕಣ್ಣುಮುಚ್ಚಿ ಬಿಟ್ಟುಬಿಡುತ್ತಿಲ್ಲವೆಂಬುದನ್ನು ಅವನು ಗಮನಿಸಿದಂತೆ ಕಾಣುವುದಿಲ್ಲ.

ಡ್ಯೂಕನ ಕ್ಷಮೆ ಬೇರೆ ಬಗೆಯದು. ಕ್ಲಾಡಿಯೊ ಬದುಕಿರುವನೆಂದು ಬಲ್ಲವನು ಕ್ಷಮಿಸುವುದರಲ್ಲಿ ಕಳೆದುಕೊಳ್ಳುವುದೇನು? ಕೊಲೆಗಾರ ಬಾರ್ನಾರ್ಡಿನನನ್ನೂ ಅವನು ಬಿಡುತ್ತಾನೆ. ತನ್ನನ್ನು ಬೆನ್ನ ಹಿಂದೆ ಆಡಿಕೊಂಡ ಲೂಸಿಯೊನನ್ನು ಮಾತ್ರ ಕ್ಷಮಿಸಲಾರೆನೆಂದು ಹೇಳಿ, ಚಾಟಿ ನೇಣುಗಳ ಬೆದರಿಕೆಯೊಡ್ಡಿ, ಕೊನೆಗೆ ಇಷ್ಟವಿಲ್ಲದ ಮದುವೆಗೆ ದೂಡುತ್ತಾನೆ. ತನಗೇ ತಗುಲಿದ ಅಪಚಾರವನ್ನು ಇಷ್ಟು ಕಷ್ಟದಿಂದ ಬಿಡುವವನನ್ನು ಕ್ರಿಸ್ತನ ಪ್ರತಿರೂಪವೆನ್ನಲು ಧೈರ್ಯ ಬೇಕು.

ಕ್ಲಾಡಿಯೊನ ಮುಸುಕು ತೆಗೆದ ಮೇಲೆ ಇಸಬೆಲ್ಲಳಿಗೆ ಒಂದು ಮಾತೂ ಇಲ್ಲ. ಡ್ಯೂಕನು ಅವಳ ಕೈಹಿಡಿಯುವ ಇಚ್ಛೆಯನ್ನು ಎರಡು ಸಲ ತಿಳಿಸಿದರೂ ಉತ್ತರ ಬರುವುದಿಲ್ಲ. 1970ರಲ್ಲಿ ಜಾನ್ ಬಾರ್ಟನ್ ರಾಯಲ್ ಷೇಕ್ಸ್‌ಪಿಯರ್ ಕಂಪನಿಗಾಗಿ ನಿರ್ದೇಶಿಸಿದ ಪ್ರಯೋಗದಲ್ಲಿ, ಎಲ್ಲರೂ ತೆರಳಿದ ಮೇಲೆ, ಅವಳು ಆ ಉತ್ತರವನ್ನು ಕೊಡದೆಯೇ ರಂಗದ ಮೇಲೆ ಒಬ್ಬಳೇ ಉಳಿದಳು.